ಒಕೊಮಾಳ ಸಿಟ್ಟು

ಹರ್ಷಿಣಿಗೆ ಸಿಟ್ಟೇ ಬರುವುದಿಲ್ಲ ಎಂಬುದು ಮೈಸೂರಿನ ತವರಿನಲ್ಲೂ ಗಂಡನ ಮನೆಯಲ್ಲೂ ಒಸಾಕಾದ ಪ್ರಯೋಗಾಲಯದಲ್ಲೂ ಎಲ್ಲರೂ ಒಪ್ಪಿದ್ದ ಮಾತು. ರೈಲಿನಲ್ಲಿ ಯಾರಾದರೂ ಅವಳ ಕಾಲು ತುಳಿದರೆ "ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಿದ್ದವಳು ಅವಳೇ. ನಾದಿನಿಯ ಮದುವೆಯ ಕರೆಯೋಲೆಯಲ್ಲಿ ಮನೆಮಂದಿಯೆಲ್ಲರ ಹೆಸರಿದ್ದು ಅವಳದೊಂದೇ ಬಿಟ್ಟುಹೋದಾಗಲೂ "ಪ್ರಿಂಟಿಂಗ್ ಮಿಸ್ಟೇಕ್ ಇರುತ್ತೆ ಬಿಡಿ" ಎಂದು ನಕ್ಕು ಬಡಿಸಲು ಹೋಗಿದ್ದಳು. ಇದನ್ನೆಲ್ಲ ಜನ ಹೊಗಳಿಕೆ ಎಂದೇ ಹೇಳುತ್ತಿದ್ದರು, ಅವಳೂ ಪಾಪ ಹಾಗೇ ತೆಗೆದುಕೊಂಡಿದ್ದಳು. ಇಂಥವಳು ನಲವತ್ತು ದಾಟಿದ ಮೇಲೆ ಖಳನಾಯಕಿಯಾಗಿ ವೇದಿಕೆ ಹತ್ತಿ, ಇಡೀ ಸಭಾಂಗಣ ಉಸಿರು ಬಿಗಿಹಿಡಿದು ಕೂರುವ ಹಾಗೆ ಶಾಪ ಹಾಕಿದಳೆಂದರೆ ಅದು ತಾನಾಗಿ ಆದದ್ದಲ್ಲ. ಆಗುವ ಹಾಗೆ ಮಾಡಿದರು. ಮಾಡಿದವರ ಹೆಸರು ಹೇಳಲು ನನಗೇನೂ ಸಂಕೋಚವಿಲ್ಲ.

ಅವಳದು ಹುಟ್ಟಿನಿಂದ ತಗ್ಗು ದನಿ. ಸರಸ್ವತಿಪುರದ ಸಂಗೀತದ ಪಾಠದಲ್ಲಿ ಉಳಿದ ಹುಡುಗಿಯರ ಶ್ರುತಿ ಮೇಲೆ, ಇವಳದು ಕೆಳಗೆ. ಎಲ್ಲರೂ ಒಟ್ಟಿಗೆ ಹಾಡುವಾಗ ಮೇಷ್ಟ್ರು ಅವಳನ್ನು ಹಿಂದಿನ ಸಾಲಿಗೆ ಕಳಿಸಿ, "ನೀನು ಸ್ವಲ್ಪ ಮೆತ್ತಗೆ ಹೇಳ್ಕೋಮ್ಮ" ಎನ್ನುತ್ತಿದ್ದರು. ಹಾಗೆ ಮೆತ್ತಗೆ ಹೇಳಿಕೊಂಡೇ ಅವಳು ಎಂಎಸ್ಸಿ ಮುಗಿಸಿ, ಪಿಎಚ್‌ಡಿ ಮಾಡಿ, ಗಿರಿಧರನನ್ನು ಮದುವೆಯಾಗಿ, ಅವನನ್ನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಒಸಾಕಾಕ್ಕೆ ಕಳಿಸಿದಾಗ ಜೊತೆಗೆ ಬಂದಳು. ಬಂದವಳು ಸುಮ್ಮನೆ ಕೂರಲಿಲ್ಲ. ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಪ್ರೋಟೀನಿನ ಹರಳು ಬೆಳೆಸುವ ಕೆಲಸ ಹಿಡಿದಳು. ಹರಳು ಬೆಳೆಯಬೇಕಾದರೆ ವಾರಗಟ್ಟಲೆ ಕಾಯಬೇಕು, ಅಲುಗಾಡಿಸಬಾರದು, ಗಡಿಬಿಡಿ ಮಾಡಬಾರದು. ಅವಳಿಗೆ ಹೇಳಿ ಮಾಡಿಸಿದ ಕೆಲಸ. ಮಕ್ಕಳಾಗಲಿಲ್ಲ. ಆ ದುಃಖವನ್ನು ಗಂಡ ಹೆಂಡತಿ ಒಂದಷ್ಟು ವರ್ಷ ಜೊತೆಗೇ ಅತ್ತು ಮುಗಿಸಿದ್ದರು. ಅಷ್ಟನ್ನು ಒಟ್ಟಿಗೆ ದಾಟಿದ ಮೇಲೆ ಗಿರಿಧರ್ ತನ್ನಿಂದ ಏನನ್ನೂ ಮುಚ್ಚಿಡಲಾರ ಎಂದು ಅವಳು ನಂಬಿದ್ದಳು.

ಸಯೂರಿ ಸಿಕ್ಕಿದ್ದು ನಿಲ್ದಾಣದ ಪಕ್ಕದ ಔಷಧಿ ಅಂಗಡಿಯಲ್ಲಿ. ನೆಗಡಿಗೆ ಮಾತ್ರೆ ಕೊಳ್ಳಲು ಹೋದ ಹರ್ಷಿಣಿ, ಕಾಯುತ್ತಾ ಕೂತಿದ್ದಾಗ ಹಳೆಯ ಅಭ್ಯಾಸದಂತೆ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಕೌಂಟರಿನ ಹಿಂದಿದ್ದ ಹೆಂಗಸು ಮಾತ್ರೆ ಎಣಿಸುವುದನ್ನು ನಿಲ್ಲಿಸಿ ಹೊರಗೆ ಬಂದೇಬಿಟ್ಟಳು. "ಇಂಥ ತಗ್ಗು ದನಿಗೆ ನಮ್ಮ ಒಪೆರಾದಲ್ಲಿ ಹುಡುಕಿ ಹುಡುಕಿ ಸಾಕಾಗಿದೆ. ದಯವಿಟ್ಟು ಬನ್ನಿ" ಎಂದಳು. ಜೀವಮಾನವೆಲ್ಲ ದನಿ ಅಡಗಿಸಿಕೋ ಎಂದು ಕೇಳಿಸಿಕೊಂಡವಳಿಗೆ, ಆ ದನಿಯೇ ಬೇಕು ಎಂದವಳು ಹೇಗೆ ಕಂಡಿರಬೇಕು, ನೀವೇ ಯೋಚಿಸಿ. ಹರ್ಷಿಣಿ ಅವತ್ತು ಮಾತ್ರೆಯನ್ನು ಅಂಗಡಿಯಲ್ಲೇ ಮರೆತು ಮನೆಗೆ ಬಂದಳು.

ಹೊಶಿಗಾವಾ ನಾಗರಿಕ ಒಪೆರಾ ಬಳಗ ಎಂಬುದು ದೊಡ್ಡ ಕಂಪನಿಯೇನಲ್ಲ. ದಂತವೈದ್ಯರು, ನಿವೃತ್ತ ಬ್ಯಾಂಕಿನವರು, ತೋಫು ಅಂಗಡಿಯ ಯಜಮಾನ, ಹೀಗೆ ಊರಿನವರೇ ಸೇರಿಕೊಂಡು ವಾರವಾರ ತಾಲೀಮು ಮಾಡಿ ವರ್ಷಕ್ಕೊಂದು ಆಟ ಆಡುತ್ತಿದ್ದರು. ಹರ್ಷಿಣಿ ಅಲ್ಲಿ ಹಲವು ವರ್ಷ ಕೋರಸ್‌ನಲ್ಲೇ ಇದ್ದಳು. ಒಂದು ವರ್ಷ ಬುಟ್ಟಿ ಹಿಡಿದ ಹಳ್ಳಿಯವಳು, ಇನ್ನೊಂದು ವರ್ಷ ಬುಟ್ಟಿ ಇಲ್ಲದ ಹಳ್ಳಿಯವಳು. ತಾಲೀಮು ಮುಗಿದ ಮೇಲೆ ಅವಳೂ ಸಯೂರಿಯೂ ಪಕ್ಕದ ಹೋಟೆಲಿನಲ್ಲಿ ಕೂತು, ಹೋಟೆಲಿನವರು ದೀಪ ಆರಿಸುವವರೆಗೆ ಹರಟುತ್ತಿದ್ದರು. ಇವಳು ಅವಳಿಗೆ ಹುಳಿ ಮಾಡುವುದು ಕಲಿಸಿದಳು, ಅವಳು ಇವಳಿಗೆ ಹೊಟ್ಟೆಯಿಂದ ಉಸಿರು ತೆಗೆಯುವುದು ಕಲಿಸಿದಳು. ಹರ್ಷಿಣಿಯ ತಂದೆ ತೀರಿಕೊಂಡಾಗ ಕೊರೋನಾ ಕಾಲ, ವಿಮಾನಗಳೇ ಇರಲಿಲ್ಲ. ಮೈಸೂರಿನಲ್ಲಿ ನಡೆಯುತ್ತಿದ್ದ ಸಂಸ್ಕಾರವನ್ನು ಅವಳು ಫೋನಿನಲ್ಲಿ ನೋಡುತ್ತಿದ್ದಾಗ ಸಯೂರಿ ಮಾಸ್ಕ್ ಹಾಕಿಕೊಂಡು ಬಂದು, ಒಂದೂ ಮಾತಾಡದೆ ನೆಲದ ಮೇಲೆ ಅವಳ ಪಕ್ಕ ಮಂಡಿಯೂರಿ ಕೂತಿದ್ದಳು. ಅವತ್ತಿನಿಂದ ಸಯೂರಿ ಅವಳಿಗೆ ಒಡಹುಟ್ಟಿದವಳೇ ಆದಳು.

ಕಳೆದ ವರ್ಷ ಬಳಗದವರು ತಮ್ಮದೇ ಹೊಸ ಒಪೆರಾ ಕಟ್ಟಿದರು. ಹಳೆಯ ಒಸಾಕಾದ ವರ್ತಕರ ಕೇರಿಯ ಕಥೆ. ಮದ್ಯದಂಗಡಿಯ ವಾರಸುದಾರನನ್ನು ಇಬ್ಬರು ಹೆಂಗಸರು ಪ್ರೀತಿಸುತ್ತಾರೆ. ಒಸಾಯೊ ಒಳ್ಳೆಯವಳು. ಅವಳ ಎದುರಾಳಿ ಒಕೊಮಾ, ಒಸಾಯೊಳ ಮೇಲೆ ಕಳ್ಳತನ ಹೊರಿಸಿ ಮನೆಯಿಂದ ಓಡಿಸಿ, ಕೊನೆಗೆ ಸೇತುವೆಯ ಮೇಲೆ ನಿಂತು ಅವಳನ್ನು ಶಪಿಸುತ್ತಾಳೆ. ಒಸಾಯೊಳ ಪಾತ್ರ ಸಯೂರಿಗೆ ಹೋಯಿತು, ಒಕೊಮಾ ಹರ್ಷಿಣಿಗೆ ಬಂತು. ತಗ್ಗು ದನಿ ಬೇಕಿದ್ದದ್ದು ಆ ಪಾತ್ರಕ್ಕೇ. ನಿರ್ದೇಶಕರು ಇಸೊಗಾಯಿ ಸಾನ್, ಹೈಸ್ಕೂಲಿನಲ್ಲಿ ನಾಟಕ ಕಲಿಸಿ ನಿವೃತ್ತರಾದವರು, ಮಾತು ಕಡಿಮೆ, ಹಟ ಜಾಸ್ತಿ. ಮೊದಲ ತಾಲೀಮುಗಳಲ್ಲಿ ಅವರು ಪೆನ್ಸಿಲ್ ಕಚ್ಚಿಕೊಂಡು ಕೇಳುತ್ತಿದ್ದರು. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟರು.

"ಹರ್ಷಿಣಿ ಸಾನ್, ದನಿ ಚೆನ್ನಾಗಿದೆ. ಆದರೆ ನಿಮ್ಮ ಒಕೊಮಾ ಶಾಪ ಹಾಕುತ್ತಿಲ್ಲ, ಬಸ್ಸಿನಲ್ಲಿ ಸ್ವಲ್ಪ ಜಾಗ ಬಿಡಿ ಎಂದು ಕೇಳುತ್ತಿದ್ದಾಳೆ."

ಎಲ್ಲರೂ ನಕ್ಕರು, ಹರ್ಷಿಣಿಯೂ ನಕ್ಕಳು. ಮನೆಗೆ ಬಂದು ಕನ್ನಡಿಯ ಮುಂದೆ ಕಣ್ಣು ಕೆಕ್ಕರಿಸಿ ನೋಡಿದಳು. ಗಿರಿಧರ್ ಹೊಟ್ಟೆ ಹಿಡಿದುಕೊಂಡು ನಗುತ್ತಾ, "ನಿನ್ನ ನೋಡಿದ್ರೆ ಯಾರಿಗೂ ಹೆದರಿಕೆ ಆಗಲ್ಲ ಹರ್ಷಿ, ಪಾಪ ಅನ್ಸುತ್ತೆ" ಎಂದ.

ಸೆಪ್ಟೆಂಬರ್ ಹೊತ್ತಿಗೆ ಸಯೂರಿ ಬದಲಾದಳು. ಮೊದಲು ವಾಟ್ಸಾಪಿನಂಥ ಅಲ್ಲಿಯ ಲೈನ್‌ನಲ್ಲಿ ಕಳಿಸಿದ ಸಂದೇಶಗಳಿಗೆ ಉತ್ತರ ನಿಂತಿತು. ಓದಿದ ಗುರುತು ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ತಾಲೀಮಿನಲ್ಲಿ ಹರ್ಷಿಣಿ ಪಕ್ಕದಲ್ಲಿ ಕೂತರೆ ಸಯೂರಿಗೆ ಅದೇ ಗಳಿಗೆಯಲ್ಲಿ ನೀರು ಕುಡಿಯಬೇಕೆನಿಸುತ್ತಿತ್ತು. ಆಮೇಲೆ ಕೋರಸ್‌ನ ಹೆಂಗಸರೂ ಇವಳು ಒಳಗೆ ಬಂದರೆ ಮಾತು ನಿಲ್ಲಿಸತೊಡಗಿದರು. ತಾಲೀಮು ಮುಗಿಯುತ್ತಲೇ ಎಲ್ಲರೂ ಗುಂಪಾಗಿ ಅದೇ ಹೋಟೆಲಿಗೆ ಹೋದರು, ಇವಳನ್ನು ಕರೆಯಲಿಲ್ಲ. ಹರ್ಷಿಣಿ ಗಾಜಿನ ಹೊರಗಿನಿಂದ ತನ್ನ ಜಾಗದಲ್ಲಿ ತೋಫು ಅಂಗಡಿಯವರು ಕೂತಿದ್ದನ್ನು ನೋಡಿ, ರೈಲು ಹತ್ತಿ ಮನೆಗೆ ಬಂದಳು.

ಬೇರೆ ಯಾರಾದರೂ ಆಗಿದ್ದರೆ "ಏನು ನಿನ್ನ ಕೊಬ್ಬು" ಎಂದು ಕೇಳುತ್ತಿದ್ದರೇನೋ. ಆದರೆ ವರ್ಷಗಟ್ಟಲೆ ಜಪಾನಿನಲ್ಲಿದ್ದ ನಮ್ಮವರಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಯಾರಾದರೂ ಮುಖ ಗಂಟು ಹಾಕಿದರೆ, ಬಾಯಿಬಿಟ್ಟು ಹೇಳದ ಯಾವುದೋ ನಿಯಮವನ್ನು ತಾವೇ ಮುರಿದಿದ್ದೇವೆ ಎಂದುಕೊಳ್ಳುವುದು. ಹರ್ಷಿಣಿ ಅದನ್ನೇ ಹುಡುಕುತ್ತಾ ಕೂತಳು. ಊರಿಂದ ಬಂದಾಗ ಬಳಗದಲ್ಲಿ ಪಿಯಾನೋ ನುಡಿಸುವವರಿಗೆ ಉಡುಗೊರೆ ತರುವುದು ಮರೆತೆನೇ? ಸಯೂರಿಯ ತಾಯಿಯನ್ನು ಆಸ್ಪತ್ರೆಯಲ್ಲಿ ನೋಡಲು ಹೋದಾಗ ಕೊಟ್ಟ ಹೂವು ಅಪಶಕುನದ್ದೇ? ನನ್ನ ಕೋಟಿಗೆ ಒಗ್ಗರಣೆ ವಾಸನೆ ಬರುತ್ತದೆಯೇ? ಕೋಟನ್ನು ಮತ್ತೆ ಡ್ರೈಕ್ಲೀನಿಂಗಿಗೆ ಕೊಟ್ಟಳು. ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿದಳು. ಬೇಯಿಸಿದ ಬೇಳೆಯನ್ನು ಗಿರಿಧರ್ ಹಾಗೇ ತಿಂದು ಎದ್ದ.

"ನಾನೇನೋ ದೊಡ್ಡ ತಪ್ಪು ಮಾಡಿದೀನಿ ಗಿರಿ. ಏನೂಂತ ಗೊತ್ತಾಗ್ತಿಲ್ಲ" ಎಂದಳು.

"ತಲೆ ಕೆಡಿಸ್ಕೋಬೇಡ. ಅವರ ಮೂಡ್ ಏನೋ."

"ಹೋಗಿ ಸಾರಿ ಕೇಳ್ಬಿಡ್ತೀನಿ."

ಗಿರಿಧರ್ ತಟ್ಟೆ ಬದಿಗೆ ಸರಿಸಿದ. ಆಮೇಲೆ, "ಒಬ್ಳೇ ಹೋಗ್ಬೇಡ, ನಾನೂ ಬರ್ತೀನಿ" ಎಂದ. ಎಂಥ ಗಂಡ ಎಂದು ಅವಳಿಗೆ ಕಣ್ಣು ತುಂಬಿ ಬಂತು.

ತಪ್ಪೊಪ್ಪಿಕೊಳ್ಳುವುದಕ್ಕೆ ಅಲ್ಲಿ ಒಂದು ಕ್ರಮವಿದೆ. ಕಡುಬಣ್ಣದ ಬಟ್ಟೆ, ಒಳ್ಳೆಯ ಅಂಗಡಿಯ ಸಿಹಿತಿಂಡಿಯ ಪೆಟ್ಟಿಗೆ, ಬಾಗಿಲಲ್ಲೇ ನಿಂತು ಸೊಂಟದವರೆಗೆ ಬಾಗುವುದು. ಒಸಾಕಾದ ಉಮೆದಾ ಪೇಟೆಯ ದೊಡ್ಡ ಅಂಗಡಿಯಲ್ಲಿ ಹುಡುಕಿ, ಮೊಟ್ಟೆ ಹಾಕದ, ಕೆಂಪು ಕಾಳಿನ ಸಿಹಿ ಆರಿಸಿ, ಇಬ್ಬರೂ ಭಾನುವಾರ ಸಯೂರಿಯ ಮನೆಗೆ ಹೋದರು. ಸಯೂರಿ ಬಾಗಿಲು ತೆರೆದಳು. ಹರ್ಷಿಣಿ ಬಾಗಿ, ಬಾಯಿಪಾಠ ಮಾಡಿಕೊಂಡಿದ್ದ ಮಾತು ಹೇಳಿದಳು: ತಿಳಿಯದೆ ನಿಮಗೆ ನೋವು ಮಾಡಿದ್ದೇನೆ, ಏನೆಂದು ತಿಳಿಯದಿರುವುದು ಇನ್ನೂ ದೊಡ್ಡ ತಪ್ಪು, ದಯವಿಟ್ಟು ಕ್ಷಮಿಸಿ. ತಲೆಯೆತ್ತಿದಾಗ ಸಯೂರಿಯ ತುಟಿ ಅದುರುತ್ತಿತ್ತು. ಅವಳು ಹರ್ಷಿಣಿಯ ಹೆಗಲ ಮೇಲಿಂದ ಹಿಂದಕ್ಕೊಮ್ಮೆ ನೋಡಿ, ಎರಡೂ ಕೈಯಲ್ಲಿ ಪೆಟ್ಟಿಗೆ ತೆಗೆದುಕೊಂಡು, "ಇಷ್ಟು ದೂರ ಬಂದಿರಿ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಒಳಗೆ ಬನ್ನಿ ಎನ್ನಲಿಲ್ಲ. ವಾಪಸ್ ರೈಲಿನಲ್ಲಿ ಹರ್ಷಿಣಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತಳು. ಗಿರಿಧರ್ ಅವಳ ಬೆನ್ನು ಸವರಿದ.

"ಶೋ ಮುಗೀಲಿ ಹರ್ಷಿ. ಎಲ್ಲ ಸರಿಹೋಗುತ್ತೆ ನೋಡು."

ಆ ವಾರವೇ ಅವಳಿಗೆ ಸಿಟ್ಟು ಬಂದದ್ದು. ಬಂದದ್ದು ಅವಳಿಗೂ ಮೊದಲು ಗೊತ್ತಾಗಲಿಲ್ಲ. ಸೇತುವೆಯ ದೃಶ್ಯದ ತಾಲೀಮಿನಲ್ಲಿ ಸಯೂರಿ ತಲೆ ತಗ್ಗಿಸಿ ಎದುರಿಗೆ ನಿಂತಳು. ಅಪ್ಪ ಸತ್ತ ದಿನ ಪಕ್ಕದಲ್ಲಿ ಕೂತವಳು ಮೊನ್ನೆ ಹೊಸ್ತಿಲು ದಾಟಿಸಲಿಲ್ಲವಲ್ಲ ಎಂದುಕೊಂಡು ಹರ್ಷಿಣಿ ಒಂದು ಹೆಜ್ಜೆ ಮುಂದಿಟ್ಟಳು. ಬಾಯಿ ತೆರೆದಳು. ಪಿಯಾನೋ ನುಡಿಸುತ್ತಿದ್ದವರು ಕೈ ಎತ್ತಿ ಕೂತುಬಿಟ್ಟರು. ಇಸೊಗಾಯಿ ಸಾನ್ ಪೆನ್ಸಿಲ್ ಕೆಳಗಿಟ್ಟು, "ಇನ್ನೊಮ್ಮೆ" ಎಂದರು, ಅಷ್ಟೇ.

ಆಟ ನಡೆದದ್ದು ನವೆಂಬರಿನ ಒಂದು ಮಧ್ಯಾಹ್ನ. ಕೋಬೆ, ಕ್ಯೋತೋ ಕಡೆಯ ಕನ್ನಡದವರೂ ಬಂದಿದ್ದರು. ಅವರೆಲ್ಲ ಹರ್ಷಿಣಿ ಗೆಜ್ಜೆ ಗೊಂಬೆಯಂತೆ ಮುದ್ದಾಗಿ ಏನೋ ಹಾಡುತ್ತಾಳೆ, ಕೊನೆಗೆ ಫೋಟೋ ತೆಗೆಸಿಕೊಂಡು ಊಟಕ್ಕೆ ಹೋಗೋಣ ಎಂದುಕೊಂಡು ಬಂದವರು. ಮೂರನೆಯ ಅಂಕದಲ್ಲಿ ಒಕೊಮಾ ಸೇತುವೆ ಹತ್ತಿ, ನಿನ್ನ ಒಲೆ ಉರಿಯದಿರಲಿ, ನಿನ್ನ ಬಾಗಿಲು ಯಾರೂ ತಟ್ಟದಿರಲಿ ಎಂದು ಶುರು ಮಾಡಿದಾಗ ಮುಂದಿನ ಸಾಲಿನ ಒಬ್ಬರು ಅಜ್ಜಿ ಕೈಚೀಲವನ್ನು ಎದೆಗೆ ಅವಚಿಕೊಂಡರಂತೆ. ಹಾಡು ಮುಗಿಯಿತು. ಆಮೇಲೆ ಚಪ್ಪಾಳೆ ಬಿದ್ದದ್ದು ನಿಲ್ಲಲೇ ಇಲ್ಲ. ನಾಯಕಿ ಒಸಾಯೊಗೆ ಬಿದ್ದದ್ದಕ್ಕಿಂತ ಜೋರಾಗಿ ಖಳನಾಯಕಿಗೆ ಬಿತ್ತು. ಹರ್ಷಿಣಿ ಮತ್ತೆ ಮತ್ತೆ ಬಾಗಿದಳು. ಇಷ್ಟೊಂದು ಜನ ಮೆಚ್ಚಿದ್ದು ತನ್ನ ನೋವನ್ನು ಎಂದು ಅವಳಿಗೆ ಒಂದು ಬಗೆಯ ನಾಚಿಕೆಯೂ ಆಯಿತು.

ಆಟ ಮುಗಿದ ಮೇಲೆ ಎಲ್ಲರೂ ಸೇರಿ ಕುಡಿದು ತಿಂದು ಸಂತೋಷಪಡುವುದು ಅವರ ಪದ್ಧತಿ. ಸಂಜೆ ಒಂದು ಹೋಟೆಲಿನ ಮಹಡಿಯಲ್ಲಿ ಚಾಪೆ ಹಾಸಿದ ಕೋಣೆ. ಗಿರಿಧರನನ್ನೂ ಕರೆದಿದ್ದರು. ಇಸೊಗಾಯಿ ಸಾನ್ ಎದ್ದು ನಿಂತು, ಹರ್ಷಿಣಿಯ ಎದುರಿಗೆ ಬಂದು, ಚಾಪೆಗೆ ಹಣೆ ಮುಟ್ಟುವಂತೆ ಬಾಗಿದರು. ಅವಳು ಗಾಬರಿಯಾದಳು.

"ನಿಮ್ಮನ್ನು ದೂರ ಇಡಿ ಎಂದು ಎಲ್ಲರಿಗೂ ಹೇಳಿದವನು ನಾನು. ನಿಮಗೆ ಸಿಟ್ಟು ಹೇಗೆ ಎಂದು ಹೇಳಿಕೊಟ್ಟರೆ ಬರುತ್ತಿರಲಿಲ್ಲ. ಇದೊಂದೇ ದಾರಿ ಕಂಡಿತು. ಇವತ್ತಿನ ಒಕೊಮಾಳನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ" ಎಂದರು.

ಸುತ್ತ ಎಲ್ಲರೂ ಚಪ್ಪಾಳೆ ತಟ್ಟಿದರು. ಗುಟ್ಟು ಕಾಪಾಡಿದ್ದು ಎಷ್ಟು ಕಷ್ಟವಾಯಿತೆಂದು ಕೋರಸ್‌ನ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಹೇಳಿಕೊಂಡರು. ಸಯೂರಿ ಓಡಿಬಂದು ಅವಳನ್ನು ತಬ್ಬಿಕೊಂಡು ಗಳಗಳನೆ ಅತ್ತಳು.

"ನೀನು ಬಾಗಿಲಿಗೆ ಬಂದ ದಿನ ನಾನು ಹೇಳೇಬಿಡ್ತಿದ್ದೆ. ಬಾಯಿಗೆ ಬಂದಿತ್ತು. ಆದರೆ ನಿನ್ನ ಹಿಂದೆ ನಿಂತಿದ್ದ ಗಿರಿಧರ್ ಸಾನ್ ಬೇಡ ಅಂತ ತಲೆ ಅಲ್ಲಾಡಿಸಿದರು. ಅವರೇ ಅಷ್ಟು ಗಟ್ಟಿಯಾಗಿರುವಾಗ ನಾನು ಹೇಗೆ ಸೋಲಲಿ ಅಂತ ತಡೆದುಕೊಂಡೆ."

ಇದನ್ನು ಅವಳು ಮೆಚ್ಚುಗೆಯಿಂದಲೇ ಹೇಳಿದಳು. ಇಸೊಗಾಯಿ ಸಾನ್ ಕೂಡ ಹೌದೆಂದು ತಲೆದೂಗಿದರು. "ಯಾರಿಗೂ ಹೇಳುವ ಮುಂಚೆ ಮೊದಲು ನಿಮ್ಮ ಯಜಮಾನರನ್ನು ಕಂಡು ಒಪ್ಪಿಗೆ ಕೇಳಿದೆ. ನೆಮವಾಶಿ ಸರಿಯಾಗಿ ಮಾಡದೆ ಇಂಥ ಕೆಲಸಕ್ಕೆ ಕೈ ಹಾಕುವವನಲ್ಲ ನಾನು."

ಮರವನ್ನು ಬೇರೆ ಕಡೆ ನೆಡುವ ಮುಂಚೆ ಬೇರಿನ ಸುತ್ತ ಮೆಲ್ಲಗೆ ಅಗೆದು ಅಣಿಮಾಡುವುದಕ್ಕೆ ಅಲ್ಲಿಯ ತೋಟಗಾರರು ನೆಮವಾಶಿ ಎನ್ನುತ್ತಾರೆ. ಆಫೀಸಿನವರು ಆ ಮಾತನ್ನು ತಮ್ಮದು ಮಾಡಿಕೊಂಡಿದ್ದಾರೆ. ಯಾವುದೇ ಸಭೆಗೆ ಮುಂಚೆ ಸಂಬಂಧಪಟ್ಟ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕಂಡು ಒಪ್ಪಿಗೆ ಪಡೆದಿಟ್ಟುಕೊಳ್ಳುವುದು, ಆಮೇಲೆ ಸಭೆ ಬರೀ ಹೆಸರಿಗೆ. ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗರಿಗೆ ಗಿರಿಧರ್ ಮೊದಲು ಕಲಿಸುತ್ತಿದ್ದ ಪಾಠವೇ ಇದು. ಎಲ್ಲರನ್ನೂ ಕೇಳುವ ಪದ್ಧತಿ, ಮರವನ್ನೊಂದು ಬಿಟ್ಟು.

ಹರ್ಷಿಣಿ ಗಂಡನ ಕಡೆ ನೋಡಿದಳು. ಅವನು ಗ್ಲಾಸು ಎತ್ತಿ ಅವಳಿಗೆ ನಕ್ಕ. ಅಭ್ಯಾಸಬಲ ನೋಡಿ, ಅವಳೂ ನಕ್ಕಳು. ಎಲ್ಲರಿಗೂ ಬಾಗಿ "ಅರಿಗಾತೋ" ಎಂದು ಧನ್ಯವಾದ ಹೇಳಿದಳು. ತಟ್ಟೆಯಲ್ಲಿದ್ದ ಬೀನ್ಸ್ ಬಿಡಿಸಿ ತಿಂದಳು. ಒಳಗೆ ಮಾತ್ರ ಅವಳು ಕುಸಿದುಹೋಗಿದ್ದಳು. ಇಡೀ ಬಳಗ ಸೇರಿ ಮೋಸ ಮಾಡಿದ್ದನ್ನು ಹೇಗೋ ನುಂಗಿಕೊಂಡಾಳು. ಸಯೂರಿಯದನ್ನು ನುಂಗುವುದು ಕಷ್ಟ. ಆದರೆ ರೈಲಿನಲ್ಲಿ ಬೆನ್ನು ಸವರಿದ ಕೈಗೆ ಎಲ್ಲ ಗೊತ್ತಿತ್ತಲ್ಲ, ಅದನ್ನು ಮಾತ್ರ ನುಂಗಲಾಗಲಿಲ್ಲ.

ನಿಲ್ದಾಣದಿಂದ ಮನೆಗೆ ನಡೆದು ಬರುವಾಗ ಕೇಳಿದಳು. "ನಾನು ಅಳ್ತಿದ್ದಾಗ ನಿನಗೆ ಏನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು ಹರ್ಷಿ. ಆದ್ರೆ ರಿಸಲ್ಟ್ ನೋಡು. ಜನ ಎದ್ದು ನಿಂತ್ರು. ನಾನು ಹೇಳಿಬಿಟ್ಟಿದ್ರೆ ಇದು ಆಗ್ತಿತ್ತಾ?"

"ನಾನು ಒಗ್ಗರಣೆ ಹಾಕೋದು ಬಿಟ್ಟೆ ಗಿರಿ."

ಅವನಿಗೆ ಅದು ಅರ್ಥವಾಗಲಿಲ್ಲ. "ಇನ್ಮೇಲೆ ಹಾಕು, ಅದಕ್ಕೇನಂತೆ" ಎಂದ.

ಸ್ಥಳೀಯ ಪತ್ರಿಕೆಯಲ್ಲಿ ವಿಮರ್ಶೆ ಬಂತು. ಈ ಊರಿನ ವೇದಿಕೆಯಲ್ಲಿ ಇಷ್ಟು ನಿಜವಾದ ದ್ವೇಷ ಕಂಡಿರಲಿಲ್ಲ ಎಂದು ಬರೆದಿದ್ದರು. ಕ್ಯೋತೋದ ಇನ್ನೊಂದು ಬಳಗ, ಮುಂದಿನ ವರ್ಷ ತಮ್ಮ ಒಪೆರಾದಲ್ಲಿ ಹಾಡಬೇಕೆಂದು ಕರೆಯಿತು. ಪ್ರಯೋಗಾಲಯದ ಹುಡುಗರು ವಿಮರ್ಶೆಯನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಸಯೂರಿಯಿಂದ ಉದ್ದುದ್ದ ಸಂದೇಶಗಳು ಬಂದವು, ಹರ್ಷಿಣಿ ಎಲ್ಲವನ್ನೂ ಓದಿದಳು. ಸಯೂರಿ ಬರೆದದ್ದು ಮನಸಾರೆ ಬರೆದದ್ದೇ ಎಂದು ತಿಳಿಯುವುದು ಹೇಗೆಂದು ಮಾತ್ರ ಅವಳಿಗೆ ಹೊಳೆಯಲಿಲ್ಲ. ಮೊದಲು ಜನರ ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳುತ್ತಿದ್ದಳು. ಈಗ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಟ್ಟ ಹುಡುಗಿ ನಕ್ಕರೂ, ಇವಳಿಗೆ ಯಾರು ಹೇಳಿಕೊಟ್ಟರು ಎನ್ನಿಸುತ್ತಿತ್ತು.

ಒಂದು ಶನಿವಾರ ಬೆಳಿಗ್ಗೆ ಗಿರಿಧರ್ ತಾನೇ ದೋಸೆ ಹುಯ್ಯುತ್ತಿದ್ದ. ಸಮಾಧಾನ ಮಾಡಲು ಅವನಿಗೆ ಗೊತ್ತಿದ್ದ ಉಪಾಯ ಅದೊಂದೇ. ಹರ್ಷಿಣಿ ಫೋನು ಹಿಡಿದು ಮೇಜಿನ ಹತ್ತಿರ ಕೂತು, ಕ್ಯೋತೋದವರಿಗೆ ಬರುತ್ತೇನೆಂದು ಬರೆಯುವುದೋ ಬೇಡವೋ ಎಂದು ಯೋಚಿಸುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು.

"ಗಿರಿ, ಇನ್ನೇನಾದ್ರೂ ಇದ್ಯಾ?"

"ಇನ್ನೇನಾದ್ರೂ ಅಂದ್ರೆ?"

"ಎಲ್ಲರಿಗೂ ಗೊತ್ತಿದ್ದು ನನಗೊಬ್ಬಳಿಗೆ ಗೊತ್ತಿಲ್ದೇ ಇರೋದು."

ಇಲ್ಲ ಎನ್ನುವುದಕ್ಕೆ ಯೋಚನೆ ಬೇಕಿರಲಿಲ್ಲ. ಗಿರಿಧರ್ ಯೋಚಿಸಿದ. ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು ಎದುರಿಗೆ ಕೂತ.

"ನಾನೇ ಹೇಳೋಣ ಅಂತಿದ್ದೆ. ಏಪ್ರಿಲ್‌ಗೆ ಬೆಂಗಳೂರಿಗೆ ವಾಪಸ್ ಕರೀತಿದಾರೆ. ಪ್ರಮೋಷನ್ ಕೊಟ್ಟು. ನಿನ್ನ ಶೋ ಮುಗೀಲಿ, ನೀನು ಖುಷಿಯಾಗಿರೋವಾಗ ಹೇಳೋಣ ಅಂತ ಕಾಯ್ತಿದ್ದೆ."

"ಒಪ್ಕೊಂಡ್ಯಾ?"

"ಆಲ್ಮೋಸ್ಟ್."

"ಯಾರ್ಯಾರನ್ನ ಕೇಳ್ದೆ?"

"ಮ್ಯಾನೇಜರ್ ಹತ್ರ ಮಾತಾಡಿದೆ. ಅಮ್ಮಂಗೆ ಹೇಳ್ದೆ, ತುಂಬಾ ಖುಷಿಪಟ್ಟರು. ನಿಮ್ಮಣ್ಣಂಗೂ ಹೇಳಿದೀನಿ. ಬೆಂಗಳೂರಲ್ಲೇ ನಿನಗೆ ಯಾವುದಾದ್ರೂ ಲ್ಯಾಬ್‌ನಲ್ಲಿ ಕೆಲಸ ಸಿಗುತ್ತಾ ವಿಚಾರಿಸ್ತೀನಿ ಅಂದಿದಾರೆ. ಎಲ್ಲರೂ ಓಕೆ ಅಂದ್ರು ಹರ್ಷಿ."

"ನನ್ನ?"

"ಈಗ ಕೇಳ್ತಾ ಇದೀನಲ್ಲ."

ಹರ್ಷಿಣಿ ಫೋನು ಕೆಳಗಿಟ್ಟಳು. "ನಾನು ಬರಲ್ಲ" ಎಂದಳು. ದನಿ ಎತ್ತರಿಸಲಿಲ್ಲ. ಹೊಟ್ಟೆಯಿಂದ ಬಂದ, ತಗ್ಗಾದ, ಸೇತುವೆಯ ಮೇಲಿನ ಅದೇ ದನಿ.

ಗಿರಿಧರನಿಗೆ ನಗು ಬಂತು. "ಒಕೊಮಾ ಇನ್ನೂ ಮೈಮೇಲಿಂದ ಇಳಿದಿಲ್ಲ ನೋಡು" ಎಂದ.

ಅವನು ನಗುವುದನ್ನು ನಿಲ್ಲಿಸುವವರೆಗೆ ಅವಳು ಕಾದಳು. ಆಮೇಲೆ ಅದೇ ಮಾತನ್ನು ಇನ್ನೊಂದು ಸಲ ಹೇಳಿದಳು.